ಕಣಜದ ಕಣಜ
(ಕಳಸದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿಯನ್ನು ಒಂದು ಮನೆಯವರು ತಮ್ಮ ತಾಯಿಯ ನೆನಪಿಗೆ ಇಟ್ಟಿದ್ದಾರೆ. ಆ ತಾಯಿ ಈ ಬೆಟ್ಟಗಳ ನಡುವಿನ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದವರು. ಮಾತಾಡುವ ವಿಷಯ ಏನೇ ಇರಲಿ, ಕೇಳಿದವರು ಮನೆಗೆ ಹೋಗಿ ಕಣ್ಣಾರೆ ನೋಡಿ ಹೌದೋ ಅಲ್ಲವೋ ಎಂದು ಪರೀಕ್ಷಿಸುವಂತಿರಬೇಕು ಎಂಬುದು ಅವರ ಮಕ್ಕಳ ಒಂದೇ ಬೇಡಿಕೆ. ಹಾಗಾಗಿ ದೂರದ ವಿಷಯ ನಾನು ತಂದಿಲ್ಲ. ನಿಮ್ಮ ಮನೆಯ ಸೂರಿನಡಿ, ಬಚ್ಚಲ ಗೋಡೆಯ ಸಂದಿಯಲ್ಲಿ, ದೇವರ ಪಟದ ಹಿಂದೆ ವಾಸವಾಗಿರುವವರ ಬಗ್ಗೆ ಮಾತಾಡುತ್ತೇನೆ.

ಇವತ್ತು ಬೆಳಿಗ್ಗೆ ಈ ಸಭಾಂಗಣ ಗುಡಿಸುತ್ತಿದ್ದ ಹುಡುಗ ಮೇಲಿನ ವೆಂಟಿಲೇಟರ್ ಕಡೆ ಕೈ ತೋರಿಸಿ, “ಸಾರ್, ಜೇನು ಕಟ್ಟಿದೆ. ಜನ ಬರೋದ್ರೊಳಗೆ ಹೊಗೆ ಹಾಕ್ಬಿಡ್ಲಾ?” ಎಂದು ಕೇಳಿದ. ಒಳ್ಳೆಯ ಹುಡುಗ, ನಿಮ್ಮ ಒಳಿತಿಗೇ ಕೇಳಿದ್ದು. ಸಂಜೆಯವರೆಗೆ ಹಾಗೇ ಇರಲಿ ಎಂದೆ. ಅದು ಜೇನು ಅಲ್ಲ ಎಂದು ಹೇಳಲು ಬಾಯಿಗೆ ಬಂದಿತ್ತು, ಹೇಳಲಿಲ್ಲ. ಆ ಗೂಡು ಯಾರದು, ಅದನ್ನು ಏನು ಮಾಡಬೇಕು ಎಂಬುದನ್ನು ಮಾತು ಮುಗಿಯುವ ಹೊತ್ತಿಗೆ ನೀವೇ ಹೇಳುತ್ತೀರಿ ಎಂಬ ನಂಬಿಕೆ ನನ್ನದು.

ಮೊದಲು ನನ್ನದೊಂದು ತಪ್ಪು ಒಪ್ಪಿಸಿಬಿಡುತ್ತೇನೆ. ನನಗಾಗ ಹತ್ತೊಂಬತ್ತು ವರ್ಷ. ತೋಟದಲ್ಲಿ ಕಳೆ ಕೊಚ್ಚುತ್ತಿದ್ದ ಒಬ್ಬ ಹೆಂಗಸಿಗೆ ಕಡಜ ಹೊಡೆದು ಮುಖವೆಲ್ಲ ಊದಿಕೊಂಡಿತ್ತು. ಎರಡು ದಿನ ಕಳೆಯಲಿಲ್ಲ, ನಮ್ಮ ಕೊಟ್ಟಿಗೆಯ ಮಣ್ಣುಗೋಡೆಯ ಬಿರುಕಿನಲ್ಲಿ ಹುಳಗಳು ಹೋಗಿ ಬಂದು ಮಾಡುವುದು ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ನೋಡುವ ವ್ಯವಧಾನ ಯಾರಿಗಿತ್ತು? ರಾತ್ರಿ ಸೂಡಿ ಹಚ್ಚಿ, ಸೀಮೆಎಣ್ಣೆ ಚಿಮುಕಿಸಿ, ಬಿರುಕಿಗೆ ಹಿಡಿದೆ. ಶೂರನ ಹಾಗೆ ಬಂದು ಮಲಗಿದೆ. ಬೆಳಿಗ್ಗೆ ಹಾಲು ಕರೆಯಲು ಹೋದ ಅಜ್ಜಿ ನನ್ನನ್ನು ಕೂಗಿ ಕರೆದಳು. ಗೋಡೆಯ ಮೇಲೆ ಏನೋ ಕರಗಿ ಇಳಿದು ಗಟ್ಟಿಯಾಗಿತ್ತು. ಅಜ್ಜಿ ಅದನ್ನು ಬೆರಳಲ್ಲಿ ಕೆರೆದು ನನ್ನ ಮೂಗಿನ ಹತ್ತಿರ ಹಿಡಿದು, “ಇದು ಮೇಣ ಕಣೋ. ಕಡಜ ಯಾವತ್ತು ಮೇಣ ಕಟ್ಟಿತ್ತು?” ಎಂದಳು. ಅಷ್ಟೇ. ಬೈಯಲಿಲ್ಲ. ಗೋಡೆಯೊಳಗೆ ಇದ್ದದ್ದು ತುಡುವೆ. ಸುಟ್ಟು ಉಳಿದ ಎರಿಯ ಕಣ್ಣುಗಳಲ್ಲಿ ಕೂಡಿಟ್ಟ ಹೂಪುಡಿ ಹಾಗೇ ಇತ್ತು.

ಅಜ್ಜಿ ಶಾಲೆಗೆ ಹೋದವಳಲ್ಲ. ಆದರೆ ಪುಸ್ತಕಗಳಲ್ಲಿ ನಾನು ಆಮೇಲೆ ಓದಿದ್ದೆಲ್ಲ ಅವಳ ಆ ಒಂದು ಪ್ರಶ್ನೆಯೊಳಗೇ ಇತ್ತು. ಹುಳದ ಬಣ್ಣ ನೋಡಿ ಗುರುತು ಹಿಡಿಯಲು ಹೋದರೆ ಮೋಸ ಹೋಗುತ್ತೀರಿ. ಅದು ಏನನ್ನು ಹೊತ್ತು ತರುತ್ತದೆ, ಏನಿಂದ ಮನೆ ಕಟ್ಟುತ್ತದೆ, ಮಕ್ಕಳಿಗೆ ಏನು ಉಣಿಸುತ್ತದೆ ಎಂದು ನೋಡಿ. ಜೇನು ಹೂವಿನಿಂದ ಬದುಕುವ ಜಾತಿ. ಅದರ ಮಕ್ಕಳೂ ಹೂಪುಡಿ, ಜೇನುತುಪ್ಪ ತಿಂದು ಬೆಳೆಯುತ್ತವೆ. ಕಣಜ ತಾನು ಸಿಹಿ ಹೀರಿಕೊಂಡರೂ ಮಕ್ಕಳಿಗೆ ಮಾಂಸವನ್ನೇ ತರಬೇಕು. ಒಂದು ಸಸ್ಯಾಹಾರಿಯ ಸಂಸಾರ, ಇನ್ನೊಂದು ಬೇಟೆಗಾರನ ಸಂಸಾರ. ಇವೆರಡರ ನಡುವೆ ಕಾಣುವ ವ್ಯತ್ಯಾಸಗಳೆಲ್ಲ ಬಹುಮಟ್ಟಿಗೆ ಈ ಊಟದ ವ್ಯತ್ಯಾಸದಿಂದ ಹುಟ್ಟಿದವು.

ಜೇನಿನ ಮೈಮೇಲೆ ರೋಮ ಯಾಕೆ? ಹೂಪುಡಿ ಅಂಟಲಿ ಎಂದು. ಭೂತಗನ್ನಡಿಯಲ್ಲಿ ನೋಡಿದರೆ ಆ ಕೂದಲು ಕವಲು ಕವಲಾಗಿ ಕಾಣುತ್ತದೆ. ಜೇನಿನ ಹಿಂಗಾಲು ಚಪ್ಪಟೆ ಯಾಕೆ? ಒದ್ದೆ ಮಾಡಿ ಉಂಡೆಗಟ್ಟಿದ ಹೂಪುಡಿಯನ್ನು ಅಲ್ಲಿ ಮೆತ್ತಿಕೊಂಡು ಬರಬೇಕು. ಪೆಟ್ಟಿಗೆಯ ಬಾಗಿಲಲ್ಲಿ ಐದು ನಿಮಿಷ ಕೂತರೆ ಸಾಕು, ಎರಡೂ ಕಾಲಿಗೆ ಹಳದಿ ಮೂಟೆ ಕಟ್ಟಿಕೊಂಡು ಇಳಿಯುವ ಹುಳ ಸಿಕ್ಕೇ ಸಿಗುತ್ತದೆ. ಕಣಜಕ್ಕೆ ಈ ಮೂಟೆಯ ಹಂಗಿಲ್ಲ. ಅದರ ಮೈ ನುಣುಪು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಸೊಂಟ ಎಷ್ಟು ಸಣ್ಣದೆಂದರೆ ಹೊಟ್ಟೆಯನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟಂತೆ ಇರುತ್ತದೆ. ಗೂಡು ಕಟ್ಟುವ ಅನೇಕ ಕಣಜಗಳು ಹಾರುವಾಗ ಉದ್ದನೆಯ ಕಾಲುಗಳನ್ನು ಕೆಳಗೆ ಇಳಿಬಿಟ್ಟುಕೊಂಡಿರುತ್ತವೆ. ಕೂತಾಗ ರೆಕ್ಕೆಯನ್ನು ಉದ್ದಕ್ಕೆ ಮಡಿಸಿಡುತ್ತವೆ, ಮಡಿಸಿದ ಅಂಗವಸ್ತ್ರದ ಹಾಗೆ. ಜೇನಿಗೆ ಹೀಗೆ ಉದ್ದುದ್ದಕ್ಕೆ ಮಡಿಸುವ ರೂಢಿ ಇಲ್ಲ. ನಡುವೆ ಒಂದು ವೇಷಧಾರಿಯೂ ಬರುತ್ತಾನೆ. ಹಳದಿ ಕಪ್ಪು ಪಟ್ಟೆ ಹಾಕಿಕೊಂಡು ಹೂವಿನ ಮುಂದೆ ನಿಂತಲ್ಲೇ ನಿಂತು ಹಾರುವ ನೊಣ ಅದು. ಜೇನಿಗೂ ಕಣಜಕ್ಕೂ ರೆಕ್ಕೆ ನಾಲ್ಕು, ನೊಣಕ್ಕೆ ಎರಡೇ. ಅದು ಕುಟುಕುವುದಿಲ್ಲ, ಯಕ್ಷಗಾನದ ರಾಕ್ಷಸನ ಹಾಗೆ ಬಣ್ಣ ಮಾತ್ರ.

ನಮ್ಮ ಮನೆಗಳ ಸುತ್ತ ಇರುವ ಜೇನುಗಳನ್ನು ಒಂದೊಂದಾಗಿ ಹೇಳುತ್ತೇನೆ. ತುಡುವೆ ಕತ್ತಲಲ್ಲಿ, ಪೊಟರೆ, ಹುತ್ತ, ಗೋಡೆಯ ಟೊಳ್ಳಿನಲ್ಲಿ ಒಂದರ ಪಕ್ಕ ಒಂದು ಎರಿ ಕಟ್ಟುತ್ತದೆ. ಅದಕ್ಕೇ ಅದನ್ನು ಪೆಟ್ಟಿಗೆಯಲ್ಲಿ ಸಾಕಲು ಆಗುವುದು. ಹೆಜ್ಜೇನು ಬಯಲಿನಲ್ಲಿ ಕಟ್ಟುತ್ತದೆ. ದೊಡ್ಡ ಮರದ ಕೊಂಬೆ, ಬಂಡೆಯ ಹೊಟ್ಟೆ, ನೀರಿನ ಟ್ಯಾಂಕು, ಎತ್ತರದ ಕಟ್ಟಡದ ಸಜ್ಜೆಯಲ್ಲಿ ಒಂದೇ ದೊಡ್ಡ ಹುಟ್ಟು. ಮೂರು ನಾಲ್ಕು ಅಡಿ ಅಗಲದ್ದೂ ಉಂಟು. ಋತು ನೋಡಿಕೊಂಡು ಬಂದು, ಋತು ಮುಗಿದಾಗ ಎದ್ದು ಹೋಗುತ್ತದೆ. ಕೋಲುಜೇನು ಬೇಲಿಯ ಕಡ್ಡಿಗೆ ಅಂಗೈಯಗಲದ ಹುಟ್ಟು ಇಡುತ್ತದೆ. ಇನ್ನು ಮುಜಂಟಿ. ಮಿಸ್ರಿ ಅಂತಲೂ ನಸರಿ ಅಂತಲೂ ಕರೆಯುತ್ತಾರೆ. ನೋಡಿದರೆ ಇದು ಸಣ್ಣ ಕಪ್ಪು ನೊಣವೋ ಇರುವೆಯೋ ಎನ್ನಬೇಕು. ಗೋಡೆಯ ಸಂದಿಯಿಂದ ಮೇಣ ಅಂಟಿನ ಸಣ್ಣ ಕೊಳವೆ ಹೊರಗೆ ಚಾಚಿದ್ದರೆ ಒಳಗೆ ಮುಜಂಟಿಯ ಸಂಸಾರವಿದೆ ಎಂದರ್ಥ. ಅದಕ್ಕೆ ಕುಟುಕುವ ಮುಳ್ಳು ಇಲ್ಲ. ಹೀಗಿದ್ದೂ ಎಷ್ಟು ಕಡೆ ಆ ಕೊಳವೆಗೆ ಸಿಮೆಂಟು ಮೆತ್ತಿದ್ದಾರೋ!

ಕೊನೆಗೆ ದೊಡ್ಡ ಕರಿ ದುಂಬಿ. ತೊಲೆ, ಪಕಾಸು, ಒಣಬಿದಿರಿನಲ್ಲಿ ಬೆರಳು ತೂರುವಷ್ಟು ಗುಂಡನೆಯ ತೂತು ಕೊರೆಯುತ್ತದೆ, ಕೆಳಗೆ ಮರದ ಹಿಟ್ಟು ಉದುರುತ್ತದೆ. ಬಿಸಿಲಿಗೆ ರೆಕ್ಕೆ ನೀಲಿ ಮಿಂಚುತ್ತದೆ. ಅದರ ಮೊರೆತ ಕೇಳಿ ಓಡುವವರಿದ್ದಾರೆ, ಆದರೆ ಅದರ ಗಂಡಿಗೆ ಮುಳ್ಳೇ ಇಲ್ಲ, ಹೆಣ್ಣನ್ನು ಕೈಯಲ್ಲಿ ಹಿಡಿದು ಹಿಸುಕದಿದ್ದರೆ ಅದೂ ಕುಟುಕುವುದು ಅಪರೂಪ. ದುಂಬಿಯೂ ಜೇನಿನ ಬಳಗವೇ.

ಈಗ ಕಣಜದ ಕಡೆ ಬರೋಣ. ಕನ್ನಡ ಕಾವ್ಯದಲ್ಲಿ ದುಂಬಿಗೆ ಸಿಕ್ಕ ಮರ್ಯಾದೆಯ ಒಂದು ಚೂರೂ ಕಣಜಕ್ಕೆ ಸಿಗಲಿಲ್ಲ. ಪಂಪ ಬನವಾಸಿಯ ನಂದನದಲ್ಲಿ ಮರಿದುಂಬಿಯಾದರೂ ಆಗಿ ಹುಟ್ಟಬೇಕೆಂದು ಬಯಸಿದ. ಕಣಜವಾಗಿ ಹುಟ್ಟಲು ಯಾರು ಬಯಸುತ್ತಾರೆ? ನಮ್ಮ ಭಾಷೆ ಮಾತ್ರ ಒಂದು ತಮಾಷೆ ಮಾಡಿದೆ. ಕಣಜ ಎಂದರೆ ಕುಟುಕುವ ಹುಳವೂ ಹೌದು, ಭತ್ತ ತುಂಬಿಡುವ ಕಣಜವೂ ಹೌದು. ಎರಡು ಪದಗಳು ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ರೂಪಕ್ಕೆ ನಿಂತಿರಬಹುದು. ಹುಳಕ್ಕೆ ಕಡಜ, ಕಡಂದುರು ಎಂಬ ಹೆಸರುಗಳೂ ಉಂಟು, ಗಡಿಯಾಚೆಯ ಮಲಯಾಳಿಗಳು ಕಡನ್ನಲ್ ಎನ್ನುತ್ತಾರೆ. ಕಡಜ ಎಂದು ನಾನು ಮುಂದೆ ಕರೆಯುವುದು ದೊಡ್ಡ ಜಾತಿಯನ್ನು. ಆದರೆ ಆ ತಮಾಷೆಯನ್ನು ನಿಮ್ಮ ಮನೆಯ ಗೋಡೆಯ ಮೇಲೆ ಅಕ್ಷರಶಃ ನಿಜ ಮಾಡುವ ಒಂದು ಹುಳವಿದೆ.

ದೇವರ ಪಟದ ಹಿಂದೆ, ಸ್ವಿಚ್‌ಬೋರ್ಡಿನ ಮೂಲೆಯಲ್ಲಿ, ತಿಂಗಳಿಂದ ಮುಟ್ಟದ ಬೀಗದ ಕಿಂಡಿಯಲ್ಲಿ ಮಣ್ಣು ಮೆತ್ತಿರುವುದನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ಮೆತ್ತುವ ಹುಳವನ್ನು ಕುಂಬಾರ ಹುಳ ಎನ್ನುತ್ತೇವೆ. ಇದರಲ್ಲಿ ಒಂದು ಬಗೆ ಪುಟ್ಟ ಕುಡಿಕೆಯನ್ನೇ ಮಾಡುತ್ತದೆ. ಅದಕ್ಕೆ ಕಂಠ, ಬಾಯಂಚು ಎಲ್ಲ ಇರುತ್ತದೆ, ಕುಂಬಾರಣ್ಣನೇ ನಾಚಬೇಕು. ಇನ್ನೊಂದು, ಸಣ್ಣ ಸೊಂಟದ ಉದ್ದ ಹುಳ, ಒಂದರ ಪಕ್ಕ ಒಂದು ಮಣ್ಣಿನ ಕೊಳವೆ ಕಟ್ಟಿ ಮೇಲೆ ಸಾರಿಸುತ್ತದೆ. ಇವು ಒಂಟಿ ತಾಯಂದಿರು. ಇಲ್ಲಿ ರಾಣಿ, ಆಳು, ಸೈನ್ಯ ಯಾವುದೂ ಇಲ್ಲ. ಕಾಯಲು ಸೈನ್ಯವಿಲ್ಲದ್ದರಿಂದ ಗೂಡಿನ ಪಕ್ಕ ಹಾದರೂ ನಿಮ್ಮ ಮೇಲೆ ಎರಗುವುದಿಲ್ಲ.

ಹೊಸದಾಗಿ ಬಾಯಿ ಮುಚ್ಚಿದ ಒಂದು ಗೂಡನ್ನು ಬಿಡಿಸಿ ನೋಡಿ. ಕುಡಿಕೆಯಲ್ಲಿ ಹಸಿರು ಹುಳುಗಳು ಇರುತ್ತವೆ, ಕೊಳವೆಯಲ್ಲಾದರೆ ಜೇಡಗಳು. ಅಚ್ಚುಕಟ್ಟಾಗಿ ಒತ್ತಿ ತುಂಬಿದ ಅವು ಸತ್ತಿರುವುದಿಲ್ಲ. ತಾಯಿ ಕಣಜ ಕುಟುಕಿ ಕೈಕಾಲು ಆಡದಂತೆ ಮಾಡಿದೆ, ಅಷ್ಟೇ. ಸತ್ತರೆ ಕೊಳೆತುಹೋಗುತ್ತವಲ್ಲ! ಅದರ ಜೊತೆ ಮೊಟ್ಟೆ ಇಟ್ಟು ಬಾಯಿ ಮುಚ್ಚುತ್ತದೆ. ಮರಿ ಹೊರಬಂದಾಗ ಊಟ ತಾಜಾ ಇರುತ್ತದೆ. ಬೆಳೆದ ಮರಿ ಒಂದು ದಿನ ಮಣ್ಣು ಕೊರೆದು ರೆಕ್ಕೆ ಸಮೇತ ಹೊರಗೆ ಬರುತ್ತದೆ. ಧಾನ್ಯ ತುಂಬಿ ಬಾಯಿ ಮೆತ್ತಿದ ಕಣಜಕ್ಕೂ ಇದಕ್ಕೂ ಏನು ವ್ಯತ್ಯಾಸ? ಹುಳದ ಹೆಸರೂ ಕಣಜ, ಅದು ಕಟ್ಟಿದ್ದೂ ಕಣಜ.

ಇದನ್ನು ನಮ್ಮ ಹಿರಿಯರು ನೋಡದೆ ಬಿಟ್ಟಿರಲಿಲ್ಲ. ನೋಡಿಯೇ ಭ್ರಮರ–ಕೀಟ ನ್ಯಾಯ ಎಂಬ ಮಾತು ಹುಟ್ಟಿತು. ಭ್ರಮರವು ಒಂದು ಹುಳುವನ್ನು ತಂದು ಗೂಡಿನಲ್ಲಿ ಇಡುತ್ತದೆ, ಸುತ್ತ ಮೊರೆಯುತ್ತದೆ, ಆ ಮೊರೆತವನ್ನೇ ಧ್ಯಾನಿಸುತ್ತ ಹುಳು ತಾನೇ ಭ್ರಮರವಾಗಿ ಹೊರಬರುತ್ತದೆ ಎಂಬ ಕಲ್ಪನೆ ಅದು. ಗುರುವನ್ನು ನೆನೆಯುತ್ತ ಶಿಷ್ಯ ಗುರುವೇ ಆಗುತ್ತಾನೆ ಎನ್ನಲು ಇದಕ್ಕಿಂತ ಒಳ್ಳೆಯ ಹೋಲಿಕೆ ಬೇಕೆ? ವಚನಕಾರರೂ ಬಳಸಿದ್ದಾರೆ, ವೇದಾಂತಿಗಳೂ ಬಳಸಿದ್ದಾರೆ. ಅವರು ಕಂಡದ್ದು ತಪ್ಪಲ್ಲ. ಹುಳು ಒಳಗೆ ಹೋಗಿದ್ದು, ರೆಕ್ಕೆಯ ಜೀವ ಹೊರಬಂದದ್ದು, ಎರಡೂ ನಿಜ. ನಡುವೆ ಮುಚ್ಚಿದ ಮಣ್ಣಿನೊಳಗೆ ನಡೆದದ್ದು ಮಾತ್ರ ಧ್ಯಾನವಲ್ಲ, ಊಟ. ಭ್ರಮರ ಎಂದ ಕೂಡಲೇ ನಮಗೆ ಹೂವಿನ ದುಂಬಿ ನೆನಪಾಗುತ್ತದೆ, ಕಟೀಲಿನ ಭ್ರಾಮರಿ ನೆನಪಾಗುತ್ತಾಳೆ. ಹುಳು ಹಿಡಿದು ಮಣ್ಣಿನಲ್ಲಿ ಇಡುವ ಭ್ರಮರ ಜೇನಿನ ಬಳಗದ್ದಾಗಿರಲು ಸಾಧ್ಯವೇ ಇಲ್ಲ. ಅದು ಕಣಜ. ಎಂದರೆ ಈ ಎರಡನ್ನೂ ಕಲಸಿಕೊಂಡವರು ನಾನೂ ಬೆಳಗಿನ ಹುಡುಗನೂ ಮಾತ್ರ ಅಲ್ಲ, ಶಾಸ್ತ್ರದ ಮಾತೂ ಕಲಸಿಕೊಂಡಿದೆ.

ಇದೇ ಬಗೆಯ ಸಂಸಾರವನ್ನು ಕಂಡು ಲೋಕದ ಇನ್ನೊಂದು ತುದಿಯಲ್ಲಿ ಒಬ್ಬರು ಕಂಗೆಟ್ಟರು. 1860ರಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಸಸ್ಯವಿಜ್ಞಾನಿ ಗೆಳೆಯ ಏಸಾ ಗ್ರೇಗೆ ಬರೆದ ಕಾಗದದಲ್ಲಿ, ಜೀವಂತ ಹುಳುವಿನ ಒಡಲೊಳಗೇ ಉಂಡು ಬೆಳೆಯುವ ಕಣಜಗಳನ್ನು ದಯಾಮಯನಾದ ದೇವರು ಬೇಕೆಂದೇ ಸೃಷ್ಟಿಸಿದ ಎಂದು ನಂಬಲು ತನ್ನಿಂದಾಗದು ಎಂದ. ಒಂದೇ ಬಗೆಯ ಸಂಗತಿಯಲ್ಲಿ ನಮ್ಮವರು ಮುಕ್ತಿಯನ್ನು ಕಂಡರು, ಅವನು ಕ್ರೌರ್ಯವನ್ನು ಕಂಡ. ನನಗೆ ಈ ವಯಸ್ಸಿನಲ್ಲಿ ಕಾಣುವುದು ಒಬ್ಬ ತಾಯಿಯ ಲೆಕ್ಕಾಚಾರ ಮಾತ್ರ. ತಾನು ನೋಡಲಾರದ ಮಗುವಿಗೆ ಬುತ್ತಿ ಕಟ್ಟಿಟ್ಟು ಹೋಗುತ್ತಾಳೆ, ಲೆಕ್ಕ ತಪ್ಪುವುದಿಲ್ಲ.

ಹಳೆಯ ಮನೆಗಳ ಅಡಿಗೆಮನೆಯಲ್ಲಿ ಕೆಲವೊಮ್ಮೆ ನೀಲಿ ಹಸಿರಾಗಿ ಹೊಳೆಯುವ ಒಂದು ಪುಟ್ಟ ಕಣಜ ಬರುತ್ತದೆ. ಅದು ಜಿರಲೆ ಬೇಟೆಗಾರ. ಜಿರಲೆಯ ತಲೆಯೊಳಗೆ, ಮೆದುಳಿಗೇ ಮುಳ್ಳು ಇಳಿಸುತ್ತದೆ. ಆಮೇಲೆ ಆ ಜಿರಲೆಗೆ ಓಡುವ ಮನಸ್ಸೇ ಇರುವುದಿಲ್ಲ. ಅದರ ಮೀಸೆ ಹಿಡಿದು, ಹಗ್ಗ ಕಟ್ಟಿದ ಹಸುವನ್ನು ಕೊಟ್ಟಿಗೆಗೆ ಕರೆದೊಯ್ಯುವಂತೆ ಕರೆದೊಯ್ಯುತ್ತದೆ. ಇಂಥ ಅತಿಥಿಯನ್ನು ಪೊರಕೆಯಲ್ಲಿ ಬಡಿದು ಸಾಯಿಸಿ, ಆಮೇಲೆ ಅಂಗಡಿಗೆ ಹೋಗಿ ಜಿರಲೆ ಔಷಧ ತರುವವರು ನಾವು.

ಇನ್ನು ಸಂಸಾರವಂದಿಗ ಕಣಜಗಳು. ಅವುಗಳ ಮನೆ ಕಾಗದದ್ದು. ಮಳೆ ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿದ ಬೇಲಿಗೂಟವನ್ನೋ ದಣಪೆಯನ್ನೋ ಹಲ್ಲಿನಲ್ಲಿ ಕೆರೆದು, ಎಂಜಲಲ್ಲಿ ಅರೆದು, ತೆಳ್ಳಗೆ ಬಳಿದು ಆರು ಮೂಲೆಯ ಕೋಣೆ ಕಟ್ಟುತ್ತವೆ. ಕಿವಿಗೊಟ್ಟರೆ ಆ ಕೆರೆತ ಕೇಳಿಸುತ್ತದೆ. 1719ರಲ್ಲಿ ರೆಯೋಮೂರ್ ಎಂಬ ಫ್ರೆಂಚ್ ವಿಜ್ಞಾನಿ ಇದನ್ನು ನೋಡಿ, ಚಿಂದಿಬಟ್ಟೆಯ ಬದಲು ಮರದಿಂದಲೇ ಕಾಗದ ಮಾಡಬಹುದಲ್ಲ ಎಂದು ಸೂಚಿಸಿದ. ಮನುಷ್ಯರಿಗೆ ಅದು ಕೈಗೂಡಲು ನೂರು ವರ್ಷದ ಮೇಲೆ ಬೇಕಾಯಿತು. ನಮ್ಮ ಗಂಗಾಮೂಲದಲ್ಲಿ ಹುಟ್ಟಿ ಈ ಕಳಸದ ಪಕ್ಕ ಹರಿಯುವ ಭದ್ರೆಯ ನೀರಿನಲ್ಲೇ ಭದ್ರಾವತಿಯ ಕಾಗದ ಕಾರ್ಖಾನೆ ಬಿದಿರು ಅರೆದು ಕಾಗದ ಮಾಡಿತು. ನಾವೆಲ್ಲ ಬರೆದು ಕಲಿತದ್ದು ಅಂಥ ಕಾಗದದ ಮೇಲೆ. ಆ ಕಾರ್ಖಾನೆ ನಿಂತುಹೋಯಿತು. ಮೇಲಿನ ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತ ಮೇಲೆ ಎಷ್ಟೋ ಕ್ವಾರ್ಟರ್ಸ್ ಖಾಲಿಯಾದವು. ಅಲ್ಲಿನ ಕಿಟಕಿ ಮೂಲೆಗಳಲ್ಲಿ ಕಣಜದ ಕಾಗದದ ಕೆಲಸ ಮಾತ್ರ ನಡೆದೇ ಇದೆ.

ಈಗ ಅಜ್ಜಿಯ ಪ್ರಶ್ನೆಗೆ ಮತ್ತೆ ಬನ್ನಿ. ಜೇನು ತನ್ನ ಹೊಟ್ಟೆಯ ಅಡಿಯ ಗ್ರಂಥಿಗಳಿಂದ ಮೇಣ ಬಸಿದು ಮನೆ ಕಟ್ಟುತ್ತದೆ, ಕಣಜ ಹೊರಗಿನಿಂದ ನಾರು ತಂದೋ ಮಣ್ಣು ತಂದೋ ಕಟ್ಟುತ್ತದೆ. ಗೂಡು ಹಳದಿ ಅಥವಾ ಕಂದು ಮೇಣದ್ದೇ, ಎರಿ ಲಂಬವಾಗಿ ಇಳಿದು ಎರಡೂ ಮುಖದಲ್ಲಿ ಕಣ್ಣುಗಳಿವೆಯೇ? ಜೇನು. ಬೂದುಬಣ್ಣದ ಕಾಗದದ್ದೇ, ಒಂದು ಸಣ್ಣ ತೊಟ್ಟಿನಿಂದ ತೂಗಿದೆಯೇ, ಕಣ್ಣುಗಳ ಬಾಯಿ ಕೆಳಮುಖವೇ? ಕಾಗದದ ಕಣಜ. ಫುಟ್‌ಬಾಲಿನ ಹಾಗೆ ಹೊರಗೆಲ್ಲ ಕಾಗದದ ಹೊದಿಕೆ, ಒಂದೇ ತೂತೇ? ದೊಡ್ಡ ಕಡಜ ಇರಬಹುದು, ಹಿಂದೆ ಸರಿಯಿರಿ. ಮಣ್ಣಿನದ್ದೇ? ಒಂಟಿ ತಾಯಿ, ಬಿಟ್ಟುಬಿಡಿ.

ಕಿಟಕಿ ಕಣಜ ಎಂದು ನಾನು ಕರೆಯುವ, ಕೆಂಗಂದು ಮೈಯ, ಹೊಟ್ಟೆಯ ಮೇಲೆ ಹಳದಿ ಗೆರೆಯ ಒಂದು ಜಾತಿ ಇದೆ. ವಿಜ್ಞಾನಿಗಳು ಅದನ್ನು ರೋಪಾಲಿಡಿಯಾ ಮಾರ್ಜಿನಾಟಾ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ದಶಕಗಳ ಕಾಲ ಇದೊಂದೇ ಕಣಜವನ್ನು ಬೆನ್ನುಹತ್ತಿ, 2001ರಲ್ಲಿ ಅದರ ಮೇಲೇ ಒಂದು ದೊಡ್ಡ ಗ್ರಂಥ ತಂದರು. ಒಂದೊಂದು ಹುಳದ ಮೇಲೂ ಬಣ್ಣದ ಚುಕ್ಕೆ ಇಟ್ಟು, ಯಾವುದು ಯಾರನ್ನು ಗದರಿಸಿತು, ಯಾವುದು ಊಟ ತಂದಿತು ಎಂದು ಬರೆದಿಡುವ ಕೆಲಸ. ಅವರ ತಂಡ ಕಂಡ ಸೋಜಿಗ ಇದು: ಈ ಗೂಡಿನ ರಾಣಿ ಸಾಧು ಪ್ರಾಣಿ, ಯಾರ ಮೇಲೂ ದರ್ಪ ಮಾಡುವುದಿಲ್ಲ. ರಾಣಿಯನ್ನು ತೆಗೆದರೆ ಕೆಲವೇ ನಿಮಿಷಗಳಲ್ಲಿ ಕೆಲಸಗಾರರಲ್ಲಿ ಒಂದು ಎಲ್ಲರ ಮೇಲೂ ಎರಗತೊಡಗುತ್ತದೆ. ಸುಮಾರು ವಾರದಲ್ಲಿ ಅದು ಮೊಟ್ಟೆ ಇಟ್ಟು ರಾಣಿಯಾಗುತ್ತದೆ, ಆಮೇಲೆ ತಾನೂ ತಣ್ಣಗಾಗುತ್ತದೆ. ಮುಂದಿನ ರಾಣಿ ಯಾರೆಂದು ಮೊದಲೇ ಹೇಳಲು ನೋಡುವ ವಿಜ್ಞಾನಿಗೆ ಆಗುವುದಿಲ್ಲ. ಕಣಜಗಳಿಗೆ ಮಾತ್ರ ಗೊತ್ತಿರುವಂತೆ ಕಾಣುತ್ತದೆ. ನಮ್ಮ ಪಂಚಾಯ್ತಿ ಚುನಾವಣೆಯಲ್ಲಿ ಇದು ತಿರುಗಾಮುರುಗಾ, ಗೆದ್ದ ಮೇಲೆ ಗದರಿಕೆ ಶುರು.

ಈ ಕಣಜಕ್ಕೂ ಒಂದು ಶತ್ರು ಇದೆ. ಹೊಟ್ಟೆಯ ಮೇಲೆ ಅಗಲವಾದ ಕಿತ್ತಳೆ ಹಳದಿ ಪಟ್ಟೆ ಇರುವ ದೊಡ್ಡ ಕರಿ ಕಡಜ. ಅದು ಬಂದರೆ ಗೂಡಿನ ದೊಡ್ಡವೆಲ್ಲ ಹಾರಿಹೋಗುತ್ತವೆ, ಮರಿಗಳನ್ನು ಅದು ಒಂದೊಂದಾಗಿ ಎಳೆದು ಒಯ್ಯುತ್ತದೆ. ಆದ್ದರಿಂದ ಕಿಟಕಿ ಕಣಜ ಕಡಜ ತೂರಲಾರದ ಇಕ್ಕಟ್ಟು ಜಾಗ ಹುಡುಕುತ್ತದೆ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಜೇನುಗಳಿಗೂ ಕಡಜ ಶತ್ರುವೇ, ಆದರೆ ಅವುಗಳ ಉಪಾಯ ಬೇರೆ. ಹೆಜ್ಜೇನು ಹುಟ್ಟಿನ ಮೇಲೆ ಸಾವಿರಾರು ಹುಳಗಳು ಒಂದರ ಹಿಂದೆ ಒಂದು ಹೊಟ್ಟೆ ಎತ್ತಿ ಅಲೆ ಎಬ್ಬಿಸುತ್ತವೆ, ಗಾಳಿಗೆ ಭತ್ತದ ಗದ್ದೆ ತೂಗಿದ ಹಾಗೆ. ತುಡುವೆ ಕಡಜವನ್ನು ಮುತ್ತಿ ಚೆಂಡಿನಂತೆ ಸುತ್ತಿಕೊಂಡು ಮೈ ಕಂಪಿಸಿ ಕಾವು ಏರಿಸುತ್ತದೆ. ಸುಮಾರು 45–46 ಡಿಗ್ರಿ ಶಾಖಕ್ಕೆ ಕಡಜ ಸಾಯುತ್ತದೆ, ತುಡುವೆ ತಾಳಿಕೊಳ್ಳುತ್ತದೆ. ಗೋಡೆಯಲ್ಲಿದ್ದ ನನ್ನ ತುಡುವೆಗೆ ಕಡಜದಿಂದ ಪಾರಾಗುವುದು ಗೊತ್ತಿತ್ತು, ಸೂಡಿಯಿಂದ ಪಾರಾಗುವುದು ಗೊತ್ತಿರಲಿಲ್ಲ.

ತೋಟದವರು ಕೇಳುತ್ತೀರಿ: ಜೇನು ಇರಲಿ, ಕಣಜದಿಂದ ನಮಗೇನು? ಜೇನಿನ ಲೆಕ್ಕ ನಿಮಗೆ ಗೊತ್ತು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾದಾಗ ಅರೇಬಿಕಾ ತನ್ನಷ್ಟಕ್ಕೆ ಕಾಯಿ ಕಚ್ಚಬಲ್ಲದು, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ಹೆಜ್ಜೇನು, ತುಡುವೆ, ಮುಜಂಟಿ ಆ ಎರಡು ಮೂರು ದಿನ ಸಂಬಳವಿಲ್ಲದ ಆಳುಗಳು. ಈ ಮೂಡಿಗೆರೆ ಸೀಮೆ ಒಂದು ಕಾಲಕ್ಕೆ ಜೇನು ಪೆಟ್ಟಿಗೆಯ ಸೀಮೆ. ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ 1980ರಲ್ಲಿ ಬಂತು. ಅದರಲ್ಲಿ ಮೂಡಿಗೆರೆಯ ಜೇನು ಸೊಸೈಟಿಯೂ ಜೇನು ಹಿಡಿಯುವ ಮಂದಣ್ಣನೂ ಬಂದದ್ದು ಸುಮ್ಮನೆ ಅಲ್ಲ. ಆಮೇಲೆ 1991ರಿಂದಾಚೆಗೆ ದಕ್ಷಿಣ ಭಾರತದ ತುಡುವೆಗಳಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಡಿಯಿತು. ಮರಿಗಳು ನೀರು ತುಂಬಿದ ಚೀಲದಂತಾಗಿ ಸತ್ತವು. ಮಲೆನಾಡಿನ ಪೆಟ್ಟಿಗೆಗಳು ಸಾಲು ಸಾಲು ಖಾಲಿಯಾದವು. ಖಾಲಿ ಪೆಟ್ಟಿಗೆಗಳನ್ನು ನೋಡಿದಾಗೆಲ್ಲ ನನಗೆ ಕೊಟ್ಟಿಗೆಯ ಗೋಡೆ ನೆನಪಾಗುತ್ತಿತ್ತು. ರೋಗಕ್ಕೆ ನಾನು ಹೊಣೆಯಲ್ಲ, ಆ ಒಂದು ಗೂಡಿಗೆ ಹೊಣೆ.

ಕಣಜದ ಲೆಕ್ಕ ಕಣ್ಣಿಗೆ ಬೀಳುವುದಿಲ್ಲ. ಕಾಗದದ ಗೂಡಿನ ಒಂದೊಂದು ಮರಿಯೂ ತೋಟದ ಹಸಿರು ಹುಳು ತಿಂದು ಬೆಳೆದದ್ದು. ಇನ್ನು ಕಣ್ಣಿಗೇ ಕಾಣದಷ್ಟು ಸಣ್ಣ ಕಣಜಗಳಿವೆ. ಅವುಗಳಿಗೆ ನಮ್ಮನ್ನು ಕುಟುಕುವ ಶಕ್ತಿಯೂ ಇಲ್ಲ. ಕಾಫಿ ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡಾಗ, ಅದನ್ನು ಹತೋಟಿಗೆ ತರಲು ಹೊರದೇಶದಿಂದ ತರಿಸಿದ್ದು ಒಂದು ಪುಟ್ಟ ಕಣಜವನ್ನು. ಪಪ್ಪಾಯಿ ಗಿಡಗಳನ್ನು ಬಿಳಿ ಹಿಟ್ಟಿನ ತಿಗಣೆ ಮುತ್ತಿ ರೈತರು ಕೈಚೆಲ್ಲಿದಾಗ, ಬೆಂಗಳೂರಿನ ವಿಜ್ಞಾನಿಗಳು 2010ರಲ್ಲಿ ಪೋರ್ಟೊ ರಿಕೊದಿಂದ ತಂದು ಬಿಟ್ಟದ್ದೂ ಕಣಜವೇ. ಔಷಧ ಹೊಡೆದು ಸೋತ ಕಡೆ ಅದು ಗೆದ್ದಿತು.

ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಎಂದು ಮೂಗು ಮುರಿಯುತ್ತೇವಲ್ಲ, ಆ ಹುಳವೂ ಕಣಜವೇ. ಎರಡು ಮಿಲಿಮೀಟರ್ ಆಸುಪಾಸಿನ ಹೆಣ್ಣು ಹಣ್ಣಿನ ತುದಿಯ ಸೂಜಿಗಣ್ಣಿನಲ್ಲಿ, ರೆಕ್ಕೆ ಹರಿದುಕೊಂಡು, ಒಳಗೆ ನುಸುಳುತ್ತದೆ. ಅತ್ತಿಯ ಹೂವು ಇರುವುದು ಒಳಗಡೆ. ಪರಾಗ ಮುಟ್ಟಿಸಿ, ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ. ಅದರ ಮಕ್ಕಳು ಪರಾಗ ಹೊತ್ತು ಇನ್ನೊಂದು ಅತ್ತಿಗೆ ಹೊರಡುತ್ತವೆ. ನಮ್ಮ ಕಾಫಿಗೆ ನೆರಳು ಕೊಡುವ ಅತ್ತಿ, ಬಸರಿ, ಗೋಣಿ ಒಂದೊಂದಕ್ಕೂ ಅದರದೇ ಕಣಜದ ಬಳಗ ಉಂಟು. ಆ ಕಣಜ ಇಲ್ಲದಿದ್ದರೆ ಬೀಜವಿಲ್ಲ, ಆ ಮರಗಳನ್ನು ನೆಚ್ಚಿಕೊಂಡ ಮಂಗಟ್ಟೆಗೆ ಹಣ್ಣೂ ಇಲ್ಲ.

ಹಾಗೆಂದು ಕಣಜಕ್ಕೆ ಆರತಿ ಎತ್ತಿ ಎಂದು ನಾನು ಹೇಳಲು ಬಂದಿಲ್ಲ. ಕುಟುಕಿದರೆ ಉರಿಯುತ್ತದೆ, ಕೆಲವರಿಗೆ ಪ್ರಾಣಕ್ಕೇ ಬರುತ್ತದೆ. ಇಲ್ಲಿಯೂ ಗುರುತು ಕೆಲಸಕ್ಕೆ ಬರುತ್ತದೆ. ಜೇನಿನ ಮುಳ್ಳಿಗೆ ಗಾಳದಂತೆ ಕೊಕ್ಕೆಗಳಿವೆ. ಅದು ನಿಮ್ಮ ಚರ್ಮದಲ್ಲೇ ವಿಷದ ಚೀಲದ ಸಮೇತ ಉಳಿಯುತ್ತದೆ, ಹುಳ ಸಾಯುತ್ತದೆ. ಮುಳ್ಳು ಕಂಡರೆ ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ. ಹೇಗೆ ತೆಗೆದಿರಿ ಎಂಬುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎಂಬುದು ಮುಖ್ಯ. ಕಣಜ ಮುಳ್ಳು ಬಿಡುವುದಿಲ್ಲ, ಅದೇ ಹುಳ ಮತ್ತೆ ಮತ್ತೆ ಕುಟುಕಬಲ್ಲದು. ಸುಣ್ಣ, ಹುಣಿಸೆ, ಸೋಡಾ ಎಂದು ಮನೆಗೊಂದು ಮದ್ದು ಇದೆ. ವಿಷ ಚರ್ಮದ ಒಳಗೆ ಇಳಿದಿರುವಾಗ ಮೇಲೆ ಬಳಿದದ್ದು ಅದನ್ನು ಮುಟ್ಟುವುದಿಲ್ಲ. ಸೋಪಿನಲ್ಲಿ ತೊಳೆದು ತಣ್ಣೀರು ಬಟ್ಟೆ ಇಡಿ. ಉಸಿರು ಕಟ್ಟಿದರೆ, ತುಟಿ ನಾಲಗೆ ಊದಿದರೆ, ಮೈಯೆಲ್ಲ ದದ್ದು ಎದ್ದು ತಲೆ ತಿರುಗಿದರೆ, ಮದ್ದು ಅರೆಯುತ್ತ ಕೂರಬೇಡಿ, ಸಿಕ್ಕಿದ ವಾಹನ ಹತ್ತಿ ಆಸ್ಪತ್ರೆಗೆ ಹೋಗಿ. ನಮ್ಮ ಘಾಟಿಯ ರಸ್ತೆಗಳಲ್ಲಿ ಕಳೆದ ಅರ್ಧ ಗಂಟೆ ಮತ್ತೆ ಸಿಗುವುದಿಲ್ಲ. ಹತ್ತಾರು ಕಡೆ ಕುಟುಕಿದ್ದರೆ ಚೆನ್ನಾಗಿದ್ದೇನೆ ಎನಿಸಿದರೂ ಡಾಕ್ಟರಿಗೆ ತೋರಿಸಿ.

ಹೊಗೆಯ ವಿಷಯ. ಹೊಗೆ ತಾಗಿದಾಗ ತುಡುವೆ ಜೇನುತುಪ್ಪ ಕುಡಿದು ಹೊಟ್ಟೆ ತುಂಬಿಕೊಳ್ಳುತ್ತದೆ, ಅಪಾಯ ಸಾರುವ ವಾಸನೆಯೂ ಹೊಗೆಯಲ್ಲಿ ಮುಚ್ಚಿಹೋಗುತ್ತದೆ, ಹಾಗಾಗಿ ಅದು ಮೆತ್ತಗಾಗುತ್ತದೆ. ತುಪ್ಪದ ದಾಸ್ತಾನು ಇಲ್ಲದ ಕಣಜಕ್ಕೆ ಅದೇ ಹೊಗೆ ಹಾಕಿ ಮೆತ್ತಗಾಗುತ್ತದೆ ಎಂದು ಕಾದರೆ ಕೆಟ್ಟಿರಿ. ಜೇನನ್ನು ಹೊಡೆದು ಸಾಯಿಸಿದರೆ ಬಾಳೆಹಣ್ಣಿನಂಥ ಒಂದು ವಾಸನೆ ಹೊರಡುತ್ತದೆ. ಅದು ಉಳಿದವಕ್ಕೆ ಕೊಟ್ಟ ಕೂಗು. ಹೆಜ್ಜೇನು ಎದ್ದರೆ ಕೈ ಬೀಸಬೇಡಿ, ಮುಖ ಮುಚ್ಚಿಕೊಂಡು ನೇರವಾಗಿ ಓಡಿ, ಬಾಗಿಲು ಹಾಕಿಕೊಳ್ಳಿ. ಕೆರೆಗೆ ಹಾರಿದರೆ ಮೇಲೆ ಕಾಯುತ್ತವೆ. ಮರಗಸಿಗೆ ಹತ್ತುವ ಮೊದಲು ಕೊಂಬೆಗಳನ್ನು ಕೆಳಗಿನಿಂದಲೇ ನೋಡಿ. ಕಳೆ ಮಿಷನ್ ಶುರು ಮಾಡುವ ಮೊದಲು ಉದ್ದ ಕೋಲಿನಲ್ಲಿ ಪೊದೆ ಅಲುಗಿಸಿ. ಮಕ್ಕಳು ಓಡಾಡುವ ಬಾಗಿಲ ಮೇಲೆ, ಕೈತಾಗುವ ಎತ್ತರದಲ್ಲಿ ಕಡಜ ಕಟ್ಟಿದರೆ ತೆಗೆಸಲೇಬೇಕು, ಅದು ಬಲ್ಲವರಿಂದ ಆಗಲಿ. ತುಡುವೆ ಗೋಡೆ ಹೊಕ್ಕರೆ ಜೇನು ಸಾಕುವವರಿಗೆ ಹೇಳಿ ಕಳಿಸಿ, ಪೆಟ್ಟಿಗೆ ತಂದು ಸಂತೋಷದಿಂದ ಒಯ್ಯುತ್ತಾರೆ. ಹೆಜ್ಜೇನು ಎತ್ತರದಲ್ಲಿದ್ದರೆ ಋತು ಮುಗಿಯುವವರೆಗೆ ಪಟಾಕಿ, ಕಲ್ಲು, ಹೊಗೆ ದೂರ ಇಡಿ. ಕುಂಬಾರ ಹುಳ, ಮುಜಂಟಿ, ದುಂಬಿಗಳ ಸುದ್ದಿಗೆ ಹೋಗಬೇಡಿ.

ಈಗ ಬೆಳಗಿನ ಪ್ರಶ್ನೆ. ಆ ವೆಂಟಿಲೇಟರ್ ನೋಡಿ. ಗೂಡು ಬೂದುಬಣ್ಣದ್ದು, ತೊಟ್ಟಿನಿಂದ ತೂಗಿದೆ, ಕಣ್ಣುಗಳ ಬಾಯಿ ಕೆಳಗೆ. ಮೇಲೆ ಕೂತವುಗಳ ರೆಕ್ಕೆ ಮಡಿಸಿದೆ, ಕಾಲಲ್ಲಿ ಹಳದಿ ಮೂಟೆ ಇಲ್ಲ. ಅದು ಕಟ್ಟಿರುವುದು ಜಾಲರಿಯ ಹಿಂದೆ, ಕಿಟಕಿ ಕಣಜ ತೂರಬಹುದು, ದೊಡ್ಡ ಕಡಜ ತೂರಲಾರದು. ನಾವು ಹಕ್ಕಿ ಬಾರದಿರಲಿ ಎಂದು ಹಾಕಿದ ಜಾಲರಿ ಅದಕ್ಕೆ ಕೋಟೆಯಾಗಿದೆ. ನೆಲದಿಂದ ಹನ್ನೆರಡು ಅಡಿ ಮೇಲಿದೆ. ಒಂದೂವರೆ ಗಂಟೆ ನಾನು ಮೈಕಿನಲ್ಲಿ ಕೂಗಿದ್ದೇನೆ, ನೀವು ಮೂರು ಸಲ ಚಪ್ಪಾಳೆ ತಟ್ಟಿದ್ದೀರಿ, ಒಂದೂ ಕೆಳಗೆ ಇಳಿದಿಲ್ಲ. ಏಣಿ ತರಿಸಬೇಕೋ ಬೇಡವೋ ಎಂದು ಆ ಹುಡುಗನಿಗೆ ನೀವೇ ಹೇಳಿ. ಅವನು ಬಾಗಿಲ ಹತ್ತಿರ ನಿಂತು ಪೂರ್ತಿ ಕೇಳಿಸಿಕೊಂಡಿದ್ದಾನೆ, ಬಹುಶಃ ಅವನೇ ನಿಮಗೆ ಹೇಳುತ್ತಾನೆ.

ಕಾಫಿ ಹೊರಗಡೆ ಇಟ್ಟಿದ್ದಾರೆ. ಸಿಹಿ ಕಾಫಿಯ ಲೋಟಕ್ಕೆ ಯಾರಾದರೂ ಬಂದು ಕೂತರೆ ಕೈ ಬೀಸುವ ಮೊದಲು ಕಾಲು ನೋಡಿ, ಸೊಂಟ ನೋಡಿ.